ಆಯುವುದಾ, ಕೊಳ್ಳುವುದಾ, ಅದಲು ಬದಲಾ? ದುರ್ಗದ ಕಡೆಯವರಿಗೆ ಪಳೆಯುಳಿಕೆ ಸಂಗ್ರಹದ ದಾರಿಗಳು

ನಮ್ಮ ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇದೆ. ಒಳಗೆ 64 ಪಳೆಯುಳಿಕೆಗಳಿವೆ. ನೋಡಲು ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇವೆಲ್ಲ ಕೋಟೆ ಹತ್ತಿರ ಸಿಕ್ಕಿದ್ದಾ?" ಅಲ್ಲ. ಒಂದೂ ಚಿತ್ರದುರ್ಗದ್ದಲ್ಲ.

ಇಲ್ಲಿ ಇಷ್ಟೊಂದು ಕಲ್ಲಿದ್ದೂ ಪಳೆಯುಳಿಕೆ ಯಾಕಿಲ್ಲ ಅನ್ನುವುದು ಗೊತ್ತಾದರೆ, ಸಂಗ್ರಹ ಶುರು ಮಾಡುವವರ ಅರ್ಧ ಗೊಂದಲ ಕಳೆಯುತ್ತದೆ. ಕೋಟೆಯ ಬಂಡೆ ಕಣಶಿಲೆ, ಅಂದರೆ ಗ್ರಾನೈಟ್. ಭೂಮಿಯ ಒಳಗೆ ಕರಗಿದ್ದ ರಸ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾದದ್ದು. ಅದರೊಳಗೆ ಚಿಪ್ಪು, ಮೂಳೆ ಉಳಿಯುವ ಮಾತೇ ಇಲ್ಲ. ಸುತ್ತಮುತ್ತಲಿನ ಕಪ್ಪು, ಹಸಿರು, ಕೆಂಪು ಕಲ್ಲಿನ ಪಟ್ಟಿ ಸುಮಾರು 260 ಕೋಟಿ ವರ್ಷಕ್ಕೂ ಹಳೆಯದು. ಚಿಪ್ಪು ಕಟ್ಟುವ ಪ್ರಾಣಿಗಳು ಹುಟ್ಟಿದ್ದೇ ಸುಮಾರು 55 ಕೋಟಿ ವರ್ಷಗಳ ಹಿಂದೆ. ಅಂದರೆ ಅವು ಬರುವ ಹೊತ್ತಿಗೆ ನಮ್ಮ ಕಲ್ಲಿಗೆ ಆಗಲೇ 200 ಕೋಟಿ ವರ್ಷ ಆಗಿತ್ತು. ದಾವಣಗೆರೆ ಕಡೆಯ ಕಲ್ಲಿನ ಕಥೆಯೂ ಇದೇ.

ಹಾಗಾಗಿ ನಮ್ಮೂರಿನಲ್ಲಿ ಕೂತು ಸಂಗ್ರಹ ಮಾಡುವವರಿಗೆ ಮೂರು ದಾರಿ. ಪಳೆಯುಳಿಕೆ ಇರುವ ಊರಿಗೆ ಹೋಗಿ ಆಯ್ದುಕೊಂಡು ಬರುವುದು. ದುಡ್ಡು ಕೊಟ್ಟು ಕೊಳ್ಳುವುದು. ಇನ್ನೊಬ್ಬ ಸಂಗ್ರಾಹಕರ ಜೊತೆ ಅದಲು ಬದಲು ಮಾಡಿಕೊಳ್ಳುವುದು. ಮೂರನ್ನೂ ನಾನು ಮಾಡಿದ್ದೇನೆ. ಯಾರಿಗೆ ಯಾವುದು ಹೊಂದುತ್ತದೆ ಎಂದು ಹೇಳುವ ಮೊದಲು, ನಾನು ಯಾವ ಅಳತೆಗೋಲು ಹಿಡಿದು ನೋಡುತ್ತೇನೆ ಅನ್ನುವುದನ್ನು ಹೇಳಬೇಕು.

ಅಂದ, ಗಾತ್ರ, ಬೆಲೆ ಮೂರೂ ಆಮೇಲೆ. ಮೊದಲು ವಿಳಾಸ. ಈ ಕಲ್ಲು ಯಾವ ದೇಶದ್ದು, ಯಾವ ಊರಿನದು, ಯಾವ ಪದರದ್ದು, ಯಾರು ಯಾವಾಗ ತೆಗೆದರು? ವಿಳಾಸ ಹೋದರೆ ಪಳೆಯುಳಿಕೆ ಬರೀ ಚಂದದ ಕಲ್ಲು. 1989ರಲ್ಲಿ ಆಸ್ಟ್ರೇಲಿಯಾದ ಭೂವಿಜ್ಞಾನಿ ಜಾನ್ ಟ್ಯಾಲೆಂಟ್ 'ನೇಚರ್' ಪತ್ರಿಕೆಯಲ್ಲಿ ಒಂದು ದೊಡ್ಡ ಮೋಸವನ್ನು ಬಯಲಿಗೆ ತಂದರು. ಹಿಮಾಲಯದಲ್ಲಿ ಸಿಕ್ಕಿದ್ದು ಎಂದು ನಮ್ಮ ದೇಶದ ಒಬ್ಬ ಪ್ರಾಧ್ಯಾಪಕರು ವರ್ಷಗಟ್ಟಲೆ ಬರೆದ ಪಳೆಯುಳಿಕೆಗಳಲ್ಲಿ ಹಲವು ಮೊರಾಕೊದಂಥ ದೂರದ ಜಾಗಗಳವು ಎಂದು ತೋರಿಸಿದರು. ಕಲ್ಲುಗಳು ಅಸಲಿ, ವಿಳಾಸ ಸುಳ್ಳು. ಅಷ್ಟರಿಂದಲೇ ಹಿಮಾಲಯದ ಬಗ್ಗೆ ಬರೆದ ಎಷ್ಟೋ ಪ್ರಬಂಧಗಳನ್ನು ನಂಬದ ಹಾಗಾಯಿತು. ನಮ್ಮ ಬೀರು ಸಣ್ಣದೇ ಇರಬಹುದು, ಆದರೆ ಅದಕ್ಕೂ ಇದೇ ನಿಯಮ.

ಆಯುವ ದಾರಿ

ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆಯುತ್ತಾರಲ್ಲ, ಅದೇ ರೀತಿಯ ಕೆಲಸ ಇದು. ನೆಲ ನೋಡುತ್ತಾ ನಡೆಯುವುದು, ಬಗ್ಗುವುದು, ಎತ್ತಿ ನೋಡುವುದು. ಮೂರು ದಾರಿಗಳಲ್ಲಿ ವಿಳಾಸ ಪೂರ್ತಿ ಗಟ್ಟಿಯಾಗಿರುವುದು ಇದರಲ್ಲಿ ಮಾತ್ರ. ಯಾಕೆಂದರೆ ಎತ್ತಿದವರು ನೀವೇ.

ನಮಗೆ ಹತ್ತಿರದ ಒಳ್ಳೆಯ ಜಾಗ ತಮಿಳುನಾಡಿನ ಅರಿಯಲೂರು, ಪೆರಂಬಲೂರು ಕಡೆ. ಬೆಂಗಳೂರಿಗೆ ಹೋಗಿ ಅಲ್ಲಿಂದ ತಿರುಚ್ಚಿ ದಾರಿ ಹಿಡಿದರೆ ಒಂದು ರಾತ್ರಿಯ ಪ್ರಯಾಣ. ಡೈನೋಸಾರ್‌ಗಳಿದ್ದ ಕಾಲದ ಕೊನೆಯ ಭಾಗದಲ್ಲಿ ಅಲ್ಲಿ ಸಮುದ್ರವಿತ್ತು. ಈಗ ಅದು ಸುಣ್ಣದಕಲ್ಲು ಮತ್ತು ಜೇಡಿಮಣ್ಣಿನ ನಾಡು, ಸಿಮೆಂಟ್ ಕಾರ್ಖಾನೆಗಳ ಊರು. ನಾನು ಹೋದಾಗ ಒಬ್ಬ ರೈತರ ಹೊಲದ ಬದುವಿನಲ್ಲಿ, ಉಳುವಾಗ ಅಡ್ಡ ಬಂದ ಕಲ್ಲುಗಳನ್ನು ಗುಡ್ಡೆ ಹಾಕಿದ್ದರು. ಆ ಗುಡ್ಡೆಯಲ್ಲಿ ಅಂಗೈಯಷ್ಟು ದೊಡ್ಡ ಸಿಂಪಿಗಳಿದ್ದವು. ಎತ್ತಿದರೆ ಇಟ್ಟಿಗೆಯ ಹಾಗೆ ತೂಕ. ಅಂಚಿನಲ್ಲಿ ಚಿಪ್ಪಿನ ಪದರಗಳು ಚಿರೋಟಿಯ ಎಳೆಗಳಂತೆ ಒಂದರ ಮೇಲೊಂದು. "ತಗೊಂಡು ಹೋಗಿ, ನನಗೆ ನೇಗಿಲಿಗೆ ಅಡ್ಡ" ಎಂದು ಅವರು ಕೈಸನ್ನೆ ಮಾಡಿದರು. ಮೂರನ್ನು ತಂದೆ. ಕಾರೈ ಕಡೆಯ ಬೋಳು ಜೇಡಿದಿಣ್ಣೆಗಳಲ್ಲಿ ಬೆಲೆಮ್ನೈಟ್ ಕಾಣುತ್ತವೆ. ಸ್ಲೇಟಿನ ಮೇಲೆ ಬರೆಯುವ ಬಳಪದ ತುಂಡಿನ ಹಾಗೇ ಇರುತ್ತವೆ. ಅದು ಸ್ಕ್ವಿಡ್‌ನಂಥ ಒಂದು ಹಳೆಯ ಕಡಲಜೀವಿಯ ಒಳಗಿನ ಗಟ್ಟಿ ಭಾಗ. ಗೊತ್ತಿಲ್ಲದವರು ಬಳಪ ಅಂದುಕೊಂಡು ದಾಟಿ ಹೋಗುತ್ತಾರೆ.

ಅಲ್ಲೇ ಹತ್ತಿರದ ಸಾತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರ ಮಲಗಿದೆ. ವಿಲ್ಲುಪುರಂ ಕಡೆಯ ತಿರುವಕ್ಕರೈಯಲ್ಲಿ ಇಂಥ ದಿಮ್ಮಿಗಳು ರಾಶಿ ರಾಶಿ ಇವೆ. ಇವೆರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಒಂದು ಚೂರನ್ನೂ ಮುಟ್ಟಬಾರದು. ನೋಡಬೇಕೆಂಬ ಆಸೆಗೆ ಅಷ್ಟು ದೂರ ಹೋಗಲೇಬೇಕೆಂದೇನೂ ಇಲ್ಲ, ತಿರುವಕ್ಕರೈನ ಒಂದು ದಿಮ್ಮಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲೇ ಇದೆ.

ಆಯಲು ಹೋಗುವವರು ನೆನಪಿಡಬೇಕಾದದ್ದು ಹೀಗಿದೆ. ಜಾಗ ಯಾರದೋ ಅವರನ್ನು ಕೇಳಿ. ಗಣಿಯೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ. ಅರಣ್ಯ ಇಲಾಖೆಯ ಜಾಗ ಬೇಡವೇ ಬೇಡ. ನೆಲದ ಮೇಲೆ ಬಿಡಿಯಾಗಿ ಬಿದ್ದಿರುವ ಚಿಪ್ಪು ಸರಿ. ಕಲ್ಲಿನಲ್ಲಿ ಹೂತ ಮೂಳೆ, ದವಡೆ, ಮೊಟ್ಟೆಯಂಥದ್ದು ಕಂಡರೆ ಕೈ ಹಾಕಬೇಡಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗದ ಗುರುತು ಹಾಕಿಕೊಳ್ಳಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂನಲ್ಲಿ ಕೆರೆ ಅಗೆಯುವಾಗ ದುಂಡನೆಯ ದೊಡ್ಡ ಕಲ್ಲುಗಳು ಸಿಕ್ಕಿ, ಡೈನೋಸಾರ್ ಮೊಟ್ಟೆ ಎಂದು ದೊಡ್ಡ ಸುದ್ದಿಯಾಯಿತು. ತಿಳಿದವರು ಬಂದು ನೋಡಿದಾಗ ಅವು ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಹಳೆಯ ಕಡಲಜೀವಿಯ ಸುತ್ತ ಮಣ್ಣು ಗಟ್ಟಿಯಾಗಿ ಆದ ಉಂಡೆಗಳು. ಕಲ್ಲು ಜಾಗದಲ್ಲೇ ಇದ್ದರೆ ತಿಳಿದವರಿಗೆ ಗುರುತಿಸುವುದು ಸುಲಭ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಏನೂ ಇಲ್ಲವಾ? ಒಂದು ಇದೆ, ಅದು ನನಗೆ ತುಂಬ ಇಷ್ಟ. ಭೀಮಸಮುದ್ರದ ಕಡೆ, ವಾಣಿವಿಲಾಸ ಸಾಗರದ ಕಡೆ ಸುಣ್ಣದ ಅಂಶದ ಹಳೆಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಇರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಇದು ಪ್ರಾಣಿಯಲ್ಲ, ಗಿಡವಲ್ಲ. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಲೋಳೆಯ ಚಾಪೆ ಹಾಸಿ, ಅದಕ್ಕೆ ಕೆಸರು ಅಂಟಿ, ಅದರ ಮೇಲೆ ಮತ್ತೊಂದು ಚಾಪೆ ಬೆಳೆದು, ಹೀಗೆ ಪದರ ಪದರವಾಗಿ ಎದ್ದ ಸಣ್ಣ ದಿಬ್ಬಗಳು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವತ್ತಿಗೂ ಹೀಗೆ ಬೆಳೆಯುತ್ತಿವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಅಂಥ ಕಲ್ಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಬೇಕು. ಕಮಾನಿನಂಥ ಗೆರೆಗಳು, ಒಂದರೊಳಗೆ ಒಂದು, ಈರುಳ್ಳಿ ಕೊಯ್ದ ಹಾಗೆ ಎದ್ದು ಬರುತ್ತವೆ. ಇದನ್ನು ಸುತ್ತಿಗೆ ಹಿಡಿದು ಒಡೆಯುವುದು ಬೇಡ. ನಮ್ಮ ನೆಲದ ಜೀವದ ಗುರುತು ಇರುವುದು ಇಷ್ಟೇ, ಫೋಟೊ ತೆಗೆದುಕೊಂಡು ಬನ್ನಿ. ಹಾಗೆಯೇ ಮರಡಿಹಳ್ಳಿಯ ದಿಂಬುಕಲ್ಲುಗಳು. ಅವು ಪಳೆಯುಳಿಕೆಯಲ್ಲ, ನೀರಿನೊಳಗೆ ಹರಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾದದ್ದು. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ನಮ್ಮ ಕಡೆ ಜಾಸ್ತಿ ಮೋಸ ಹೋಗುವುದು 'ಕಲ್ಲಿನ ಜರೀಗಿಡ' ನೋಡಿ. ಕಲ್ಲು ಸೀಳಿದಾಗ ಒಳಗೆ ಕಪ್ಪಗೆ, ಸಣ್ಣ ಸಣ್ಣ ಕೊಂಬೆಗಳಿರುವ ಗಿಡದಂಥ ಚಿತ್ರ ಕಾಣುತ್ತದೆ. ಅದು ಮ್ಯಾಂಗನೀಸ್. ನೀರಿನ ಜೊತೆ ಬಿರುಕಿನೊಳಗೆ ಇಳಿದು ಹರಡಿದ್ದು. ನೋಡುವ ಬಗೆ ಸುಲಭ: ನಿಜವಾದ ಎಲೆಗೆ ನಡುವೆ ನರ ಇರುತ್ತದೆ, ಇದಕ್ಕೆ ಇರುವುದಿಲ್ಲ. ಬಿರುಕಿನ ಅಂಚಿನಿಂದಲೇ ಬೆಳೆದಿರುತ್ತದೆ. ಇದನ್ನು ತಪ್ಪು ತಿಳಿದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯಲ್ಲಿ ಡಿಕಿನ್ಸೋನಿಯಾ ಎಂಬ 50 ಕೋಟಿ ವರ್ಷಕ್ಕೂ ಹಳೆಯ ಜೀವಿಯ ಪಳೆಯುಳಿಕೆ ಸಿಕ್ಕಿತು ಎಂದು 2021ರಲ್ಲಿ ದೊಡ್ಡ ವಿಜ್ಞಾನಿಗಳೇ ಬರೆದರು. ಆಮೇಲೆ ನೋಡಿದರೆ ಅದು ಹಳೆಯ ಜೇನುಗೂಡಿನ ಗುರುತು. ತಪ್ಪಾಗಿದೆ ಎಂದು ಅವರೂ ಒಪ್ಪಿಕೊಂಡರು.

ಕೊಳ್ಳುವ ದಾರಿ

ಸಮಯ ಇಲ್ಲದವರಿಗೆ ಇದೇ ಅನುಕೂಲ. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮೊರಾಕೊದ ಕಲ್ಲು ದುರ್ಗದ ಮನೆಬಾಗಿಲಿಗೆ ಬರುತ್ತದೆ. ಆದರೆ ಮೋಸ ಜಾಸ್ತಿ ಇರುವುದೂ ಇಲ್ಲೇ.

ನನಗಾದದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದಾವಣಗೆರೆಯ ಒಂದು ವಸ್ತುಪ್ರದರ್ಶನದಲ್ಲಿ ಹರಳು, ಉಂಗುರದ ಕಲ್ಲು ಮಾರುವ ಮಳಿಗೆ ಇತ್ತು. ಅಲ್ಲಿ ಒಂದು ಟ್ರೈಲೋಬೈಟ್ ನೋಡಿದೆ. ಟ್ರೈಲೋಬೈಟ್ ಅಂದರೆ ಸುಮಾರು 52 ಕೋಟಿಯಿಂದ 25 ಕೋಟಿ ವರ್ಷಗಳ ಹಿಂದಿನವರೆಗೆ ಸಮುದ್ರದಲ್ಲಿದ್ದ, ಮೈಮೇಲೆ ಪಟ್ಟಿ ಪಟ್ಟಿ ಇರುವ ಜೀವಿ. ಕನಸಿನಲ್ಲೂ ಅದೇ ಬರುತ್ತಿತ್ತು ನನಗೆ. ಚೌಕಾಸಿ ಮಾಡಿ 1,800 ರೂಪಾಯಿಗೆ ತಂದೆ. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಮೂರನೇ ದಿನ ತಮ್ಮನ ಮಗನನ್ನು ಕರೆದುಕೊಂಡು ಮತ್ತೆ ಹೋದೆ. ಅದೇ ಜಾಗದಲ್ಲಿ ಇನ್ನೊಂದು ಟ್ರೈಲೋಬೈಟ್ ಇಟ್ಟಿದ್ದರು. ಹುಡುಗ ಅದನ್ನು ನೋಡಿ, "ದೊಡ್ಡಪ್ಪ, ನಿಮ್ಮದಕ್ಕೂ ಎಡಗಡೆ ನಾಲ್ಕನೇ ಪಟ್ಟಿ ಹೀಗೇ ಮುರಿದಿದೆ ಅಲ್ವಾ?" ಅಂದ. ಅದೇ ಜಾಗ, ಅದೇ ಆಕಾರದ ಮುರುಕು. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು.

ಮನೆಗೆ ಬಂದು 10 ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ನೋಡಿದೆ. ಪಟ್ಟಿಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ದುಂಡನೆಯ ತೂತುಗಳು. ರೆಸಿನ್ ಎಂಬ ಪ್ಲಾಸ್ಟಿಕ್‌ನಂಥ ವಸ್ತುವನ್ನು ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಅವು. ಕಲ್ಲಿನಲ್ಲಿ ಅಂಥ ಗುಳ್ಳೆ ಇರುವುದಿಲ್ಲ. ಕೆನ್ನೆಗೆ ಒತ್ತಿದರೆ ಕಲ್ಲು ತಣ್ಣಗೆ ಕೊರೆಯುತ್ತದೆ, ಇದು ಬೆಚ್ಚಗಿತ್ತು. ಪ್ರಾಣಿಗೂ ಅದರ ಕೆಳಗಿನ ಕಲ್ಲಿಗೂ ಬಣ್ಣದಲ್ಲಿ, ಕಣದಲ್ಲಿ ವ್ಯತ್ಯಾಸ ಇರಬೇಕಿತ್ತು, ಅದೂ ಇರಲಿಲ್ಲ. ಈ ಮೂರು ಪರೀಕ್ಷೆಗಳನ್ನು ದುಡ್ಡು ಕೊಡುವ ಮೊದಲೇ, ಅಂಗಡಿಯಲ್ಲೇ ನಿಂತು ಮಾಡಬಹುದು. ಕೈಮಸೂರ ಇಲ್ಲದೆ ಕೊಳ್ಳಲು ಹೋಗಲೇಬೇಡಿ.

ಈಗ ಮೊದಲ ಬಾರಿಗೆ ಕೊಳ್ಳುವವರು ಏನು ಕೊಳ್ಳಬೇಕು ಅನ್ನುವ ವಿಷಯ.

ಶಾರ್ಕ್ ಹಲ್ಲಿನಿಂದ ಶುರು ಮಾಡಿ ಅನ್ನುತ್ತೇನೆ ನಾನು. ಶಾರ್ಕ್‌ಗೆ ಜೀವನಪೂರ್ತಿ ಹಲ್ಲು ಬಿದ್ದು ಹುಟ್ಟುತ್ತಲೇ ಇರುತ್ತದೆ, ಒಂದೊಂದಕ್ಕೆ ಸಾವಿರಾರು. ಮೊರಾಕೊದ ಖೌರಿಬ್ಗಾ ಕಡೆಯ ರಂಜಕದ ಗಣಿಗಳಲ್ಲಿ ಇವು ಹೇರಳ. ಹೇರಳ ಇರುವುದನ್ನು ನಕಲು ಮಾಡುವವರು ಕಡಿಮೆ. ಹಲ್ಲು ಅಸಲಿ ಇದ್ದು ಬುಡ ಮಾತ್ರ ಅಂಟಿಸಿದ್ದು ಇರಬಹುದು, ಬುಡ ಸೇರುವ ಗೆರೆಯನ್ನು ಮಸೂರದಲ್ಲಿ ನೋಡಿ. ಮಕ್ಕಳ ಕೈಗೆ ಕೊಟ್ಟರೂ ಹಾಳಾಗುವುದಿಲ್ಲ.

ಎರಡನೆಯದು ಅಮೋನೈಟ್. ಮಡಗಾಸ್ಕರ್‌ನಿಂದ ಬರುವವು ಸಾಮಾನ್ಯವಾಗಿ ಎರಡು ಹೋಳು ಮಾಡಿ ನಯಗೊಳಿಸಿದವು. ಒಳಗೆ ಕೋಣೆ ಕೋಣೆಯಾಗಿ ಚಕ್ಕುಲಿ ಸುತ್ತಿದ ಹಾಗೆ, ಪ್ರತಿ ಕೋಣೆಯಲ್ಲೂ ಹರಳು ತುಂಬಿ ಹೊಳೆಯುತ್ತಿರುತ್ತದೆ. ಕೊಳ್ಳುವಾಗ ಎರಡು ಹೋಳುಗಳನ್ನೂ ಕೇಳಿ. ಜೋಡಿಸಿದರೆ ಗೆರೆಗೆ ಗೆರೆ ಕೂಡಬೇಕು. ಅಂದ ನೋಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ವಿಳಾಸ ಬರೀ 'ಮಡಗಾಸ್ಕರ್' ಎಂದಷ್ಟೇ ಇರುತ್ತದೆ, ಅದು ಇದರ ಕೊರತೆ.

ಹಿತ್ತಾಳೆಯ ಬಣ್ಣದ ಅಮೋನೈಟ್‌ಗಳೂ ಸಿಗುತ್ತವೆ. ಅವು ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜವಾಗಿ ಮಾರ್ಪಟ್ಟವು. ತೇವ ತಾಗಿದರೆ ಬಿಳಿ ಪುಡಿ ಎದ್ದು ವರ್ಷಗಳಲ್ಲಿ ಉದುರಿ ಹೋಗುತ್ತವೆ. ಕರಾವಳಿಯವರಿಗೆ ಇದನ್ನು ಉಳಿಸಿಕೊಳ್ಳುವುದು ಕಷ್ಟ. ಚಳ್ಳಕೆರೆ, ಹಿರಿಯೂರಿನ ಒಣಗಾಳಿಯಲ್ಲಿ ಇರುವ ನಮಗೆ ಅಷ್ಟು ತೊಂದರೆ ಇಲ್ಲ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ಸಾಕು.

ಅಂಬರ್ ಬೇಕು ಅನ್ನುವವರು ಸ್ವಲ್ಪ ಕಾಯಿರಿ. ಬಾಲ್ಟಿಕ್ ಸಮುದ್ರದ ದಡದ ಅಂಬರ್ 4 ಕೋಟಿ ವರ್ಷದಷ್ಟು ಹಳೆಯ ಮರದ ಅಂಟು. ಅದರ ಹೆಸರಿನಲ್ಲಿ ಮಾರುವುದು ಎಷ್ಟೋ ಸಲ ಕೋಪಲ್. ಅದೂ ಮರದ ಅಂಟೇ, ಆದರೆ ತೀರ ಎಳೆಯದು. ಒಂದು ಲೋಟ ನೀರಿಗೆ ಕರಗುವಷ್ಟು ಉಪ್ಪು ಹಾಕಿ ಅದರಲ್ಲಿ ಬಿಡಿ. ಗಾಜು, ಕೆಲವು ಬಗೆಯ ಪ್ಲಾಸ್ಟಿಕ್ ಮುಳುಗುತ್ತವೆ, ಅಂಬರ್ ತೇಲುತ್ತದೆ. ಕೋಪಲ್ ಕೂಡ ತೇಲುತ್ತದೆ, ಹಾಗಾಗಿ ಇಲ್ಲಿಗೇ ನಿಲ್ಲಬಾರದು. ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಹಿಂಬದಿಗೆ ಹಾಕಿ ಬೆರಳಿಟ್ಟು ನೋಡಿ. ಅಂಟಿದರೆ ಕೋಪಲ್. ಒಳಗೆ ದೊಡ್ಡ ಕೀಟ, ರೆಕ್ಕೆ ಬಿಚ್ಚಿ ನಡುಮಧ್ಯೆ ನೀಟಾಗಿ ಕೂತಿದ್ದರೆ ಅನುಮಾನ ಪಡಿ. ಟ್ರೈಲೋಬೈಟ್ ಕೊನೆಗೆ ಇರಲಿ. ನಾಲ್ಕಾರು ಅಸಲಿ ನೋಡಿ ಕಣ್ಣು ಪಳಗಿದ ಮೇಲೆ.

ಕೊಳ್ಳಲೇಬಾರದ ಕೆಲವು ಇವೆ. ಮಂಗೋಲಿಯಾದ ಡೈನೋಸಾರ್ ಮೂಳೆ, ಚೀನಾದ ಡೈನೋಸಾರ್ ಮೊಟ್ಟೆ, ಬ್ರೆಜಿಲ್‌ನ ಮೀನು. ಈ ದೇಶಗಳು ಪಳೆಯುಳಿಕೆ ಹೊರಗೆ ಹೋಗದ ಹಾಗೆ ಕಾನೂನು ಮಾಡಿಕೊಂಡಿವೆ. 2012ರಲ್ಲಿ ನ್ಯೂಯಾರ್ಕಿನಲ್ಲಿ 10 ಲಕ್ಷ ಡಾಲರ್‌ಗೂ ಜಾಸ್ತಿಗೆ ಹರಾಜಾದ, ಟಾರ್ಬೋಸಾರಸ್ ಎಂಬ ಡೈನೋಸಾರ್‌ನ ಒಂದು ಅಸ್ಥಿಪಂಜರ ಮಂಗೋಲಿಯಾದಿಂದ ಕಳ್ಳತನದಲ್ಲಿ ಹೋದದ್ದೆಂದು ತಿಳಿದು, ಅಮೆರಿಕ ಸರ್ಕಾರ ಅದನ್ನು ಹಿಡಿದು 2013ರಲ್ಲಿ ವಾಪಸ್ ಕೊಟ್ಟಿತು. ನಮ್ಮ ತಿರುವಕ್ಕರೈ, ಸಾತನೂರು, ಜೈಸಲ್ಮೇರ್ ಹತ್ತಿರದ ಆಕಲ್‌ನ ಕಲ್ಲುಮರ ಎಂದು ಯಾರಾದರೂ ಮಾರಲು ಬಂದರೆ ಅದನ್ನೂ ಮುಟ್ಟಬೇಡಿ. ಕಲ್ಲಾದ ಚಿಪ್ಪು ತುಂಬಿದ ದೇಶೀ ಕಲ್ಲು ಬೇಕೆಂದರೆ ಜೈಸಲ್ಮೇರ್ ಸೀಮೆಯ ಹಾಬೂರ್ ಕಲ್ಲಿನ ಬಟ್ಟಲು ಕೇಳಿ ನೋಡಿ. ಹಾಲಿಟ್ಟರೆ ಮೊಸರಾಗುತ್ತದೆ ಎಂದು ಆ ಕಡೆ ಹೇಳುತ್ತಾರೆ. ಬಟ್ಟಲಿನ ಮೈತುಂಬ ಹಳೆಯ ಸಮುದ್ರದ ಜೀವಿಗಳು.

ಸಾಲಿಗ್ರಾಮದ ಬಗ್ಗೆ ಒಂದು ಮಾತು. ಕನ್ನಡದ ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲದೇ ಇರುವ ಪಳೆಯುಳಿಕೆ ಇದು. ನೇಪಾಳದ ಕಾಲಿಗಂಡಕಿಯ ಕರಿಕಲ್ಲಿನೊಳಗೆ ಕೂತ ಅಮೋನೈಟ್. ಚಕ್ರ ಅನ್ನುವುದು ಅದರ ಸುರುಳಿ. ನಮ್ಮ ಅಜ್ಜಿ ಅದನ್ನು ಹಾಲಿನಲ್ಲಿ ತೊಳೆಯುವಾಗ ತೂತಿನೊಳಗೆ ಕಾಣುವ ಗೆರೆಗಳನ್ನು ಎಣಿಸಿ ತೋರಿಸುತ್ತಿದ್ದರು. ನನ್ನ ಹುಚ್ಚು ಶುರುವಾದದ್ದೇ ಅಲ್ಲಿಂದ. ಸಾಲಿಗ್ರಾಮವನ್ನು ಮಾರಬಾರದು, ಕೊಳ್ಳಬಾರದು ಎಂದು ಹಿರಿಯರ ನಂಬಿಕೆ. ನಾನೂ ಅದನ್ನು ಬೀರುವಿಗೆ ತಂದಿಲ್ಲ. ಅದು ದೇವರಮನೆಯಲ್ಲೇ ಇದೆ.

ಅದಲು ಬದಲು

ನನ್ನ 64ರಲ್ಲಿ 38 ಬಂದದ್ದು ಹೀಗೆ. ನಮ್ಮ ಕಡೆಯವರಿಗೆ ಇದೇ ಒಳ್ಳೆಯದು ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೊಡುವವರು ಸಾಮಾನ್ಯವಾಗಿ ತಾವೇ ಆಯ್ದವರು, ಹಾಗಾಗಿ ವಿಳಾಸ ಕಲ್ಲಿನ ಜೊತೆಗೇ ಬರುತ್ತದೆ. ದುಡ್ಡಿನ ಆಸೆ ನಡುವೆ ಇಲ್ಲದ್ದರಿಂದ ನಕಲಿಯ ಭಯ ಕಡಿಮೆ. ಮೂರನೆಯ ಲಾಭ, ಮಾತು. ಒಂದು ಕಲ್ಲು ಬಂದರೆ ಅದರ ಹಿಂದೆ ನಾಲ್ಕು ಕಾಗದದಷ್ಟು ತಿಳಿವಳಿಕೆ ಬರುತ್ತದೆ.

ಕೊಡುವಂಥ ಪಳೆಯುಳಿಕೆಯೇ ಇಲ್ಲದ ದುರ್ಗದವರು ಬದಲಿಗೆ ಏನು ಕೊಡುವುದು? ಸಮುದ್ರದ ಚಿಪ್ಪುಗಳಿರುವ ಊರಿನವರ ಹತ್ತಿರ ಇಲ್ಲದ್ದು ನಮ್ಮ ಹತ್ತಿರ ಇದೆ, ವಯಸ್ಸು. ನಮ್ಮ ಪಟ್ಟಿ ಪಟ್ಟಿ ಕಬ್ಬಿಣದ ಕಲ್ಲು ನೋಡಿದ್ದೀರಲ್ಲ? ಒಂದು ಎಳೆ ಕೆಂಪು, ಒಂದು ಎಳೆ ಉಕ್ಕಿನ ಕಪ್ಪು, ಇಳಕಲ್ ಸೀರೆಯ ದಡಿಯ ಹಾಗೆ. ಆ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಹೀಗೆ ತಳಕ್ಕಿಳಿದದ್ದರಲ್ಲಿ ಸೂಕ್ಷ್ಮಜೀವಿಗಳ ಪಾಲೂ ಇತ್ತು ಎಂದು ಅನೇಕ ವಿಜ್ಞಾನಿಗಳು ಹೇಳುತ್ತಾರೆ. ಪರಿಚಯದ ರೈತರ ಹೊಲದಲ್ಲಿ, ಅವರನ್ನು ಕೇಳಿ, ಬಿಡಿಯಾಗಿ ಬಿದ್ದ ಮುಷ್ಟಿಗಾತ್ರದ ಒಂದೆರಡು ಕಲ್ಲು ತಂದು ಒಂದು ಬದಿ ನಯ ಮಾಡಿಸುತ್ತೇನೆ. ಮ್ಯಾಂಗನೀಸ್‌ನ 'ಜರೀಗಿಡ'ವನ್ನೂ ಕೊಡಬಹುದು, ಅದು ಗಿಡವಲ್ಲ ಎಂದು ಲೇಬಲ್ ಮೇಲೆ ಬರೆದು. ಚಂದ್ರವಳ್ಳಿ, ಕೋಟೆ, ಜೋಗಿಮಟ್ಟಿಯಿಂದ ಏನನ್ನೂ ತರಬೇಡಿ.

ಒಪ್ಪಂದಕ್ಕೆ ಮೊದಲು ಫೋಟೊ ಕೇಳಿ: ಮುಂದೆ, ಹಿಂದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ರಿಪೇರಿ ಮಾಡಿದ್ದರೆ ಎಲ್ಲಿ ಎಂದು ಕೇಳಿ, ನಿಮ್ಮದನ್ನೂ ನೀವಾಗೇ ಹೇಳಿ. ರೂಪಾಯಿ ಲೆಕ್ಕ ಹಾಕುತ್ತಾ ಕೂತರೆ ಮನಸ್ತಾಪ ಬರುತ್ತದೆ, ಇಬ್ಬರಿಗೂ ಇಲ್ಲದ್ದು ಇಬ್ಬರಿಗೂ ಸಿಕ್ಕರೆ ಸಾಕು. ಒಂದೇ ದಿನ ಇಬ್ಬರೂ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯ ಫೋಟೊ ಕಳಿಸಿಕೊಳ್ಳಿ. ನಾನು ಒಮ್ಮೆ ಮೊದಲೇ ಕಳಿಸಿ, ಆ ಕಡೆಯಿಂದ ಏನೂ ಬಾರದೆ ಎರಡು ಒಳ್ಳೆಯ ಸಿಂಪಿ ಕಳೆದುಕೊಂಡೆ. ಕಲ್ಲನ್ನು ಮೆತ್ತನೆ ಕಾಗದದಲ್ಲಿ ಸುತ್ತಿ, ಸಣ್ಣ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ದೊಡ್ಡದರೊಳಗೆ ಇಟ್ಟು ಸಂದಿಗೆ ಪೇಪರ್ ತುರುಕಿ. ಅಲ್ಲಾಡಿಸಿದರೆ ಸದ್ದು ಬರಬಾರದು.

ಬಂದ ತಕ್ಷಣ ನಂಬರ್ ಹಾಕಿ. ಕಲ್ಲಿನ ಕಾಣದ ಬದಿಗೆ ಬಿಳಿ ಬಣ್ಣದ ಒಂದು ಚುಕ್ಕೆ, ಅದರ ಮೇಲೆ ಕಪ್ಪು ಇಂಕಿನಲ್ಲಿ ಅಂಕಿ, ಮೇಲೆ ಬಣ್ಣವಿಲ್ಲದ ಉಗುರುಬಣ್ಣ ಒಂದು ಪದರ. ಅದೇ ಅಂಕಿ ನೋಟ್‌ಬುಕ್ಕಿನಲ್ಲಿ, ವಿಳಾಸದ ಜೊತೆ. ಬರೀ ಚೀಟಿ ಇಟ್ಟರೆ ಸಾಲದು. ಬೀರು ಗುಡಿಸುವಾಗ ಚೀಟಿಗಳು ಅದಲು ಬದಲಾಗುತ್ತವೆ, ನಮ್ಮ ಮನೆಯಲ್ಲಿ ಒಂದು ದೀಪಾವಳಿಗೆ ಆಗಿದೆ.

ಯಾರಿಗೆ ಯಾವುದು? ಮಕ್ಕಳಿದ್ದರೆ ಒಂದು ಶಾರ್ಕ್ ಹಲ್ಲು, ಒಂದು ಅಮೋನೈಟ್ ಜೋಡಿ ಕೊಂಡುಕೊಡಿ. ಒಟ್ಟು ಖರ್ಚು ಒಂದು ಒಳ್ಳೆಯ ಆಟಿಕೆಯಷ್ಟು. ಭೂವಿಜ್ಞಾನ ಓದುವ ಕಾಲೇಜು ಹುಡುಗ ಹುಡುಗಿಯರು ಮಾತ್ರ ಕೊಳ್ಳಬೇಡಿ. ನೋಟ್‌ಬುಕ್ ಹಿಡಿದು ಅರಿಯಲೂರಿಗೆ ಹೋಗಿ, ಅಲ್ಲಿ ವಾರಣವಾಸಿಯಲ್ಲಿರುವ ಪಳೆಯುಳಿಕೆ ಸಂಗ್ರಹಾಲಯವನ್ನು ಮೊದಲು ನೋಡಿ, ಆಮೇಲೆ ಹೊಲಕ್ಕೆ ಇಳಿಯಿರಿ. ಕೆಲಸ, ಮನೆ, ಅಂಗಡಿ ಎಂದು ಊರು ಬಿಡಲಾಗದ ನನ್ನಂಥವರಿಗೆ ಅದಲು ಬದಲು. ದುಡ್ಡು ಇದೆ, ಸಮಯ ಇಲ್ಲ ಅನ್ನುವವರು ಕೊಳ್ಳಬಹುದು, ಆದರೆ ಊರಿನ ಹೆಸರು ಬರೆದುಕೊಡದ ಅಂಗಡಿಯಿಂದ ಬೇಡ.

ದಾವಣಗೆರೆಯಲ್ಲಿ ಕೊಂಡ ಆ ರೆಸಿನ್ ಟ್ರೈಲೋಬೈಟನ್ನು ನಾನು ಎಸೆದಿಲ್ಲ. ಅದು ಈಗಲೂ ಬೀರುವಿನ ಎರಡನೇ ಹಲಗೆಯಲ್ಲಿದೆ. 64ರ ಲೆಕ್ಕಕ್ಕೆ ಸೇರಿಲ್ಲ, ಆದರೆ ಅದಕ್ಕೂ ಲೇಬಲ್ ಇದೆ: 'ರೆಸಿನ್ ಎರಕ. ಕೊಂಡ ಜಾಗ ದಾವಣಗೆರೆ. 1,800 ರೂ.' ಪಕ್ಕದಲ್ಲೇ ಅದಲು ಬದಲಿನಲ್ಲಿ ಬಂದ ಅಸಲಿ, ಹೆಬ್ಬೆರಳಿನ ಉಗುರಿನಷ್ಟು. ಮಕ್ಕಳು ಬಂದರೆ ಲೇಬಲ್ ತೆಗೆದು, ಎರಡನ್ನೂ ಕೈಗೆ ಕೊಟ್ಟು, ಮಸೂರ ಕೊಡುತ್ತೇನೆ. ಮೊದಲು ದೊಡ್ಡದನ್ನೇ ನೋಡುತ್ತಾರೆ. ಆಮೇಲೆ ಯಾರೋ ಒಬ್ಬರು ಎರಡನ್ನೂ ಕೆನ್ನೆಗೆ ಒತ್ತಿಕೊಳ್ಳುತ್ತಾರೆ.